ನನ್ನ ಕಾದಂಬರಿಯನ್ನು ವಾಪಸ್ ಕಳಿಸಿದ ಮಹಾನುಭಾವ

ನನ್ನಷ್ಟು ತಿರಸ್ಕಾರ ಕಂಡ ಲೇಖಕ ಈ ಭೂಮಿಯ ಮೇಲೆ ಹುಟ್ಟಿಲ್ಲ. ಮುಂದೆ ಹುಟ್ಟುವುದೂ ಅನುಮಾನ. ಬೇರೆಯವರು ಒಂದೆರಡು ಕಡೆ ಬೇಡವೆನ್ನಿಸಿಕೊಂಡರೆ ಸಾಕು, ಮುಖ ಸಣ್ಣದು ಮಾಡಿಕೊಂಡು ಪೆನ್ನಿಗೆ ಮುಚ್ಚಳ ಹಾಕಿಬಿಡುತ್ತಾರೆ. ನನ್ನದು ಗಟ್ಟಿ ಪಿಂಡ. ನನಗೆ ಬಂದ ನಿರಾಕರಣೆಯ ಪತ್ರಗಳನ್ನು ಪೇರಿಸಿ, ಅದರ ಮೇಲೆ ಹತ್ತಿ ನಿಂತು ಹಾಲ್‌ನ ಬಲ್ಬು ಬದಲಾಯಿಸಿದ್ದೇನೆ. ಸುಳ್ಳೆನ್ನುವವರು ನನ್ನ ಹೆಂಡತಿಯನ್ನು ಕೇಳಬಹುದು. ಅವಳು ಸುಳ್ಳೆಂದೇ ಹೇಳುತ್ತಾಳೆ, ಆದರೆ ಬಲ್ಬು ಉರಿಯುತ್ತಿದೆ.

ಪತ್ರಗಳು ಬರುತ್ತಿದ್ದದ್ದು ಸಾಹಿತ್ಯದ ಏಜೆಂಟರಿಂದ. ಮನೆ ಬಾಡಿಗೆಗೆ ಹಿಡಿಯಲು ದಲ್ಲಾಳಿ ಇರುವ ಹಾಗೆ ಪುಸ್ತಕಕ್ಕೂ ದಲ್ಲಾಳಿ ಇದ್ದಾರೆ. ದೊಡ್ಡ ಪ್ರಕಾಶಕರು ನಮ್ಮಂಥವರ ಮುಖ ನೋಡುವುದಿಲ್ಲ. ಏಜೆಂಟ್ ಕೈಹಿಡಿದು ಕರೆದುಕೊಂಡು ಹೋದರೆ ಮಾತ್ರ ಬಾಗಿಲು ತೆರೆಯುತ್ತದೆ. ಆ ಕೈ ಸಿಗಬೇಕಾದರೆ ಒಂದು ಪುಟದ ಬಿನ್ನಹ ಬರೆದು, ಹಸ್ತಪ್ರತಿ ಲಗತ್ತಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಕಾಯುವಾಗ ಸುಮ್ಮನೆ ಕೂರಬಾರದು ಎಂದು ನಾನು ತಿದ್ದುತ್ತಿದ್ದೆ. ತಿದ್ದಿದ ಪ್ರತಿಯನ್ನು ಇನ್ನೊಬ್ಬ ಏಜೆಂಟಿಗೆ ಕಳಿಸುತ್ತಿದ್ದೆ. ಅವರು ಬೇಡವೆಂದರೆ ಮತ್ತೆ ತಿದ್ದುತ್ತಿದ್ದೆ.

ಕಾದಂಬರಿ ಎಂದರೆ ಅಂತಿಂಥದ್ದಲ್ಲ. ಒಂದು ಮನೆತನದ ಏಳು ತಲೆಮಾರು. ಒಲೆಯ ಮೇಲೆ ಹಾಲಿಟ್ಟು ಓದಲು ಕೂತವರ ಹಾಲು ಉಕ್ಕಿ, ಆರಿ, ಮೊಸರಾಗಿ, ಹುಳಿಯಾದರೂ ಅವರಿಗೆ ಗೊತ್ತಾಗಬಾರದು, ಅಷ್ಟು ಉದ್ದ. ಮೊದಮೊದಲು ಆ ಮನೆತನದವರು ಕೊಡೆ ರಿಪೇರಿಯವರಾಗಿದ್ದರು ಎಂದು ನೆನಪು. ಕೊಡೆಯ ಕಸುಬಿಗೆ ಗಾಂಭೀರ್ಯ ಸಾಲದು ಎಂದು ಒಬ್ಬ ಏಜೆಂಟ್ ಬರೆದದ್ದಕ್ಕೆ ಅವರೆಲ್ಲರನ್ನೂ ರಾತ್ರೋರಾತ್ರಿ ಗಡಿಯಾರದವರನ್ನಾಗಿ ಮಾಡಿದೆ. ನಾಯಕ ಹುಟ್ಟುವುದು ತಡವಾಯಿತು ಎಂದು ಇನ್ನೊಬ್ಬ ಬರೆದ. ಸರಿ, ಅವನ ಜನನವನ್ನು ಮೊದಲಿನ ಪುಟಗಳ ಕಡೆಗೆ ಎಳೆದೆ. ಇನ್ನೂ ತಡವಾಯಿತೆಂದರು, ಇನ್ನೂ ಎಳೆದೆ. ಎಳೆದೂ ಎಳೆದೂ ಒಂದು ಪ್ರತಿಯಲ್ಲಿ ಅವನು ತನ್ನ ಅಪ್ಪನಿಗಿಂತ ಮೊದಲೇ ಹುಟ್ಟಿಬಿಟ್ಟ. ಅದನ್ನು ಗಮನಿಸಿದ್ದು ನನ್ನ ಹೆಂಡತಿ. ಹೊಸತನ ಎಂದು ಸಮರ್ಥಿಸಿಕೊಂಡೆ. ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಜನರ ಒಳಗಿನದನ್ನೇ ನೋಡಿ ಅಭ್ಯಾಸವಾಗಿರುವುದರಿಂದ ಹೊರಗಿನ ಮಾತಿಗೆ ಕಿವಿಗೊಡುವುದಿಲ್ಲ.

ಇಷ್ಟೆಲ್ಲ ಪ್ರತಿಗಳಲ್ಲಿ ಯಾವುದು ಯಾವ ಏಜೆಂಟಿಗೆ ಹೋಯಿತು ಎಂಬ ಲೆಕ್ಕ ನಾನು ಇಡಲಿಲ್ಲ. ಹೊಳೆ ತನ್ನ ನೀರು ಯಾರ ಹೊಲಕ್ಕೆ ಹೋಯಿತೆಂದು ಬರೆದಿಟ್ಟುಕೊಳ್ಳುತ್ತದೆಯೇ?

ಬರೆಯಲು ಜಾಗ ಬೇಕಲ್ಲ. ನಮ್ಮದು ಸಣ್ಣ ಮನೆ. ಅಡುಗೆಮನೆಯ ಪಕ್ಕ ಒಂದು ಊಟದ ಮೇಜು. ಅದರ ಸುತ್ತ ನಾನು, ಹೆಂಡತಿ, ಅವಳ ತಾಯಿ ಕೂತು ಊಟ ಮಾಡುತ್ತಿದ್ದೆವು. ಅತ್ತೆ ಒಂದು ಕಾಲದಲ್ಲಿ ಬಸ್ ನಿಲ್ದಾಣದ ಪಕ್ಕ ಕೊಡೆ ರಿಪೇರಿ ಅಂಗಡಿ ಇಟ್ಟಿದ್ದವರು. ತಟ್ಟೆ ಮುಂದೆ ಬಂದರೆ ಅವರ ಬಾಯಿಂದ ಗಿರಾಕಿಗಳ ಮೆರವಣಿಗೆ ಶುರು. ಜಂಭ ಕೊಚ್ಚುವುದರಲ್ಲಿ ಈ ಊರಿನಲ್ಲಿ ನನ್ನನ್ನು ಮೀರಿಸುವವರು ಅವರೊಬ್ಬರೇ. ಬಿರುಗಾಳಿಯೇ ತಮ್ಮ ಅಂಗಡಿಯ ಮುಂದೆ ಬಂದಾಗ ಸ್ವಲ್ಪ ನಿಧಾನಿಸಿ ಹೋಗುತ್ತಿತ್ತು ಎನ್ನುತ್ತಿದ್ದರು. ನಾನು ಮೊದಲು ಆ ಮೇಜಿನ ಒಂದು ಮೂಲೆ ಕೇಳಿದೆ. ಆಮೇಲೆ ಒಂದು ಪಕ್ಕ. ಕಾಗದಗಳು ಬಳ್ಳಿಯ ಹಾಗೆ ಹಬ್ಬಿ, ಉಪ್ಪಿನ ಡಬ್ಬಿಯನ್ನು ನುಂಗಿ, ಒಂದು ದಿನ ಮೇಜು ಪೂರ್ತಿ ನನ್ನದಾಯಿತು. ಅಂದಿನಿಂದ ಅತ್ತೆ ಮಂಚದ ಅಂಚಿನಲ್ಲಿ ರೇಡಿಯೊ ಎದುರು, ಹೆಂಡತಿ ಫ್ರಿಜ್ಜಿಗೆ ಒರಗಿ ನಿಂತು, ನಾನು ಹೊರಗಿನ ಮೆಟ್ಟಿಲ ಮೇಲೆ, ಹೀಗೆ ಮೂವರೂ ಮೂರು ದಿಕ್ಕಿನಲ್ಲಿ ಊಟ ಮಾಡತೊಡಗಿದೆವು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ನಾಯಕ ಯೋಚಿಸುವುದು ಕೂಡ ನನಗೆ ಕೇಳಿಸುತ್ತಿತ್ತು.

ಹೆಂಡತಿ ಬಹಳ ಸಹಿಸಿದಳು. ಕೊನೆಗೆ ಒಂದು ಸಂಜೆ, ತಟ್ಟೆಯನ್ನು ಫ್ರಿಜ್ಜಿನ ತಲೆಯ ಮೇಲಿಟ್ಟು, ಇನ್ನೂ ಯಾರ ಉತ್ತರ ಬರುವುದು ಬಾಕಿ ಇದೆ ಎಂದು ಕೇಳಿದಳು. ಒಬ್ಬರೇ ಉಳಿದಿದ್ದರು. ಎಲ್ಲ ಏಜೆಂಟರಿಗೂ ಹಿರಿತಲೆ. ಅವರು ಕೆಮ್ಮಿದರೆ ಪ್ರಕಾಶಕರಿಗೆ ನೆಗಡಿಯಾಗುತ್ತದೆ. ನಾವು ಮನೆಯಲ್ಲಿ ಅವರಿಗಿಟ್ಟ ಹೆಸರು ಏಜೆಂಟಮ್ಮ.

"ಹಾಗಾದ್ರೆ ಏಜೆಂಟಮ್ಮ ಹೇಳಿದ್ದೇ ಕೊನೆ ಕಣ್ರೀ" ಎಂದಳು. "ಹೂಂ ಅಂದ್ರೆ ಮೇಜು ನಿಮಗೇ ಇರಲಿ, ನಾವು ಸಾಯೋ ತನಕ ನಿಂತ್ಕೊಂಡೇ ತಿಂತೀವಿ. ಊಹೂಂ ಅಂದ್ರೆ ಅವತ್ತೇ ಮೇಜು ಖಾಲಿ ಆಗ್ಬೇಕು."

ಒಪ್ಪಿದೆ. ಗೆಲ್ಲುವ ಕುದುರೆಗೆ ಪಂದ್ಯದ ಭಯವೇನು?

ಇಲ್ಲಿ ನನ್ನ ಹೊಟ್ಟೆಪಾಡಿನ ಬಗ್ಗೆ ಹೇಳಬೇಕು. ನಾನು ಒಂದು ವಿಮಾ ಕಂಪನಿಯ ನೌಕರ. ಪರಿಹಾರ ಕೇಳಿ ಅರ್ಜಿ ಹಾಕಿದವರಿಗೆ ಪರಿಹಾರ ಸಿಗುವುದಿಲ್ಲ ಎಂದು ಪತ್ರ ಬರೆಯುವುದು ನನ್ನ ಕೆಲಸ. ಈ ಕಲೆಯಲ್ಲಿ ನನ್ನನ್ನು ಮುಟ್ಟುವವರಿಲ್ಲ. ಮೊದಲ ಪ್ಯಾರಾದಲ್ಲಿ ಅರ್ಜಿದಾರರ ಗುಣಗಾನ, ಎರಡನೆಯದರಲ್ಲಿ ಅವರ ಕಷ್ಟಕ್ಕೆ ನಮ್ಮ ಕಣ್ಣೀರು, ಮೂರನೆಯದರಲ್ಲಿ ಅವರ ಮುಂದಿನ ಬದುಕಿಗೆ ಶುಭ ಹಾರೈಕೆ. 'ಕೊಡುವುದಿಲ್ಲ' ಎಂಬುದು ಈ ಮೂರರ ನಡುವೆ ಎಲ್ಲೋ ದಿಂಬಿನೊಳಗಿನ ಹತ್ತಿಬೀಜದ ಹಾಗೆ ಅಡಗಿರುತ್ತದೆ. ಒಬ್ಬ ಬೇಕರಿಯವನ ಒಲೆ ಸಿಡಿದು ಅಂಗಡಿ ಸುಟ್ಟಿತ್ತು. ನನ್ನ ಪತ್ರ ಓದಿ ಅವನು ಕಣ್ಣು ಒದ್ದೆ ಮಾಡಿಕೊಂಡು, ಒಂದು ಪೆಟ್ಟಿಗೆ ಕೇಕು ಹೊತ್ತು, ಕಚೇರಿಗೆ ಬಂದು ನನ್ನ ಕೈ ಕುಲುಕಿ ಹೋದ. ಅದು ನಿರಾಕರಣೆ ಎಂದು ಅವನ ಹೆಂಡತಿ ಪತ್ತೆ ಹಚ್ಚುವಷ್ಟರಲ್ಲಿ ನಾವು ಕೇಕು ಮುಗಿಸಿದ್ದೆವು.

ಇಂಥ ಕಲಾವಿದನಿಗೆ ಏಜೆಂಟರ ಪತ್ರಗಳನ್ನು ಓದಿದರೆ ಹೇಗಾಗಬೇಡ? 'ನಿಮ್ಮ ಕೃತಿ ನಮ್ಮ ಪಟ್ಟಿಗೆ ಹೊಂದುವುದಿಲ್ಲ.' ಅಷ್ಟೇ. ಹೆಚ್ಚಿನವರದು ಹೀಗೇ, ಕಲ್ಲು ಎಸೆದ ಹಾಗೆ. ನನ್ನನ್ನು ಬೇಡವೆಂದದ್ದಕ್ಕೆ ನನಗೆ ಬೇಸರವಿರಲಿಲ್ಲ. ಬೇಡವೆನ್ನಲು ಬಾರದವರು ಬೇಡವೆಂದರಲ್ಲ ಎಂದು ಪಿತ್ತ ನೆತ್ತಿಗೇರುತ್ತಿತ್ತು. ಕೆಂಪು ಪೆನ್ನು ತೆಗೆದುಕೊಂಡು ಪತ್ರಗಳನ್ನು ತಿದ್ದಿ ವಾಪಸ್ ಕಳಿಸತೊಡಗಿದೆ. ಅಂಚಿನಲ್ಲಿ ಟಿಪ್ಪಣಿ ಬೇರೆ: 'ಪಟ್ಟಿ ಎಂದರೇನು, ಕಿರಾಣಿ ಅಂಗಡಿಯದೇ? ಮೊದಲು ಲೇಖಕನ ಬೆನ್ನು ತಟ್ಟಿ, ಆಮೇಲೆ ಆ ಬೆನ್ನ ಹಿಂದೆ ಬಾಗಿಲು ಹಾಕಿ.'

"ಊಟ ಹಾಕದೆ ಕಳಿಸಿದವರ ಮನೆಗೆ ವಾಪಸ್ ಹೋಗಿ ಪಾತ್ರೆ ತೊಳೆದುಕೊಟ್ಟು ಬರ್ತಿದ್ದೀರಲ್ಲ" ಎಂದು ಹೆಂಡತಿ ನಕ್ಕಳು.

ಏಜೆಂಟಮ್ಮನಿಂದ ಅಲ್ಲಿಯ ತನಕ ಬಂದಿದ್ದದ್ದು ನಿರಾಕರಣೆಯಲ್ಲ, ಬರೀ ಒಂದು ಕಾರ್ಡು, ಅದೂ ಯಾವ ಕಾಲದ್ದೋ. 'ಹಸ್ತಪ್ರತಿ ತಲುಪಿದೆ. ಸರದಿ ಬಂದಾಗ ಓದಲಾಗುವುದು. ಫೋನ್ ಮಾಡಬೇಡಿ.' ಅದನ್ನೂ ತಿದ್ದಿದೆ. 'ಫೋನ್ ಮಾಡಬೇಡಿ' ಎಂಬುದನ್ನು ಹೊಡೆದು, 'ನಿಮ್ಮ ದನಿ ಕೇಳುವ ಆಸೆ ನಮಗೂ ಇದೆ, ಆದರೆ ಅದನ್ನು ನಿಮ್ಮ ಪುಟಗಳಲ್ಲೇ ಕೇಳಬೇಕೆಂಬ ಹಟ' ಎಂದು ಬರೆದು ಅಂಚೆಗೆ ಹಾಕಿದೆ.

ಒಂದು ವಾರ ಕಳೆಯುವುದರೊಳಗೆ ಬರಹೇಳಿ ಕಳಿಸಿದರು.

ಅವತ್ತು ನಾನು ಹೊರಟ ಠೀವಿ ನೋಡಬೇಕಿತ್ತು. ಶೂ ಪಾಲಿಶ್ ಎಷ್ಟು ಮಾಡಿದ್ದೆನೆಂದರೆ ರಸ್ತೆಯ ನಾಯಿಗಳು ಅದರಲ್ಲಿ ಮುಖ ನೋಡಿಕೊಂಡವು. ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಒಳಗೆ ಕಾಲಿಡಲು ಜಾಗವಿಲ್ಲ. ಕುರ್ಚಿಗಳ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕೈತೊಳೆಯುವ ಬೇಸಿನ್ನಿನೊಳಗೆ ಕೂಡ ಹಸ್ತಪ್ರತಿಗಳು. ಪ್ರತಿಯೊಂದರ ಮೇಲೂ ಒಂದು ಸಂಖ್ಯೆಯ ಚೀಟಿ. ಹೆಸರು, ವಿಳಾಸ, ಬಿನ್ನಹ ಇರುವ ಹಾಳೆಗಳನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕುವುದು ಅಲ್ಲಿಯ ಪದ್ಧತಿ. ಓದುವವರಿಗೆ ಬರೆದವರು ಯಾರೆಂದು ಗೊತ್ತಾಗಬಾರದು, ನೆಂಟರಿಷ್ಟರಿಗೆ ದಾರಿ ಬಿಡಬಾರದು ಎಂದು.

ಏಜೆಂಟಮ್ಮ ಸಣ್ಣ ಆಳು. ಕನ್ನಡಕ ಹಣೆಯ ಮೇಲೆ. ನನ್ನ ಕೆಂಪು ಕಾರ್ಡು ಅವರ ಕೈಯಲ್ಲಿತ್ತು.

"ನಾನು ಮೂವತ್ತು ವರ್ಷದಿಂದ ಜನರನ್ನ ವಾಪಸ್ ಕಳಿಸ್ತಾ ಇದ್ದೀನಿ" ಎಂದರು. "ಒಬ್ಬರೂ ನನ್ನ ಬಗ್ಗೆ ಒಳ್ಳೆ ಮಾತಾಡಿಲ್ಲ. ನಿಮ್ಮ ಕೈ ನನಗೆ ಬೇಕು."

ನನ್ನ ಎದೆ ಊದಿ ಅಂಗಿಯ ಗುಂಡಿ ಹಾರಿ ಎದುರು ಗೋಡೆಗೆ ತಾಗಿತು. ಕಾದಂಬರಿ ಯಾವಾಗ ಅಚ್ಚಿಗೆ ಹೋಗುತ್ತದೆ ಎಂದು ಕೇಳಿದೆ. ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. ಯಾವ ಕಾದಂಬರಿ ಎಂದರು. ಅವರಿಗೆ ಬೇಕಾಗಿದ್ದದ್ದು ಶನಿವಾರಗಳಂದು ಬಂದು, ರಾಶಿಯಲ್ಲಿದ್ದದ್ದನ್ನು ಓದಿ, ಬೇಡವಾದವರಿಗೆ ಸಭ್ಯವಾಗಿ ಉತ್ತರ ಬರೆಯುವ ಒಬ್ಬ ಮೊದಲ ಓದುಗ. ಹಳೆಯವನು ಕಣ್ಣು ಹೋಯಿತೆಂದು ಬಿಟ್ಟಿದ್ದನಂತೆ. ಈ ಸಲ ತಾವು ಒಬ್ಬ ಹೊಸ ಲೇಖಕನನ್ನು ಮಾತ್ರ ತೆಗೆದುಕೊಳ್ಳುವುದು. ಮೊದಲ ಓದುಗ ಕಳಿಸಿದ್ದನ್ನಷ್ಟೇ ತಾವು ಓದುವುದು. ಅವನು ಬೇಡವೆಂದದ್ದನ್ನು ಮುಟ್ಟುವುದಿಲ್ಲ ಎಂದರು.

ನನ್ನದೂ ಇದೇ ರಾಶಿಯಲ್ಲಿ ಇದೆಯಲ್ಲ ಎಂದು ಮೆಲ್ಲಗೆ ಜ್ಞಾಪಿಸಿದೆ.

"ಇರಬಹುದು. ಸಂಖ್ಯೆ ನನಗೂ ಗೊತ್ತಿಲ್ಲ. ನಿಮ್ಮದೇ ಕೈಗೆ ಬಂದ್ರೆ ಕಣ್ಣು ಮುಚ್ಚಿ ಪಕ್ಕಕ್ಕಿಡಿ, ನಾನು ನೋಡ್ಕೋತೀನಿ."

ಮೆಟ್ಟಿಲಿಳಿಯುವಾಗ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಕುರಿಮಂದೆಗೆ ತೋಳವನ್ನೇ ಕಾವಲಿಟ್ಟ ಹಾಗಾಯಿತಲ್ಲ! ಉಪಾಯ ಸರಳ. ಉಳಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸವಿಮಾತಿನಲ್ಲಿ ಮನೆಗೆ ಕಳಿಸುವುದು. ಗಡಿಯಾರದ ಮನೆತನ ಕೈಗೆ ಬಂದ ದಿನ ಪಕ್ಕಕ್ಕೂ ಇಡದೆ, 'ಯುಗಕ್ಕೊಮ್ಮೆ ಬರುವ ಕೃತಿ' ಎಂದು ಚೀಟಿ ಅಂಟಿಸಿ ಏಜೆಂಟಮ್ಮನ ಮೇಜಿಗೆ ಸೇರಿಸುವುದು. ಅವರು ಬೀರು ತೆಗೆದು ಹೆಸರು ನೋಡಿದಾಗ, ಅಯ್ಯೋ ಇದು ನನ್ನದೇ ಎಂದು ಬೆಚ್ಚಿಬೀಳುವುದು. ಬೆಚ್ಚಿಬೀಳುವುದನ್ನು ಮನೆಯ ಕನ್ನಡಿಯ ಮುಂದೆ ಅಭ್ಯಾಸವೂ ಮಾಡಿದೆ. ಹೆಂಡತಿ ಹಲ್ಲುನೋವೇ ಎಂದು ಕೇಳಿದಳು. ಏಜೆಂಟಮ್ಮ ನಮ್ಮ ಬುಟ್ಟಿಗೆ ಬಿದ್ದ ಹಾಗೇ, ನೀವು ನಿಂತು ತಿನ್ನುವುದನ್ನು ರೂಢಿ ಮಾಡಿಕೊಳ್ಳಿ ಎಂದು ಇಬ್ಬರಿಗೂ ಸಾರಿದೆ.

ಶನಿವಾರಗಳು ಶುರುವಾದವು. ನಾನು ಓದಿ, ಉತ್ತರದ ಕರಡನ್ನು ಚೀಟಿಯಲ್ಲಿ ಬರೆದು ಹಸ್ತಪ್ರತಿಗೆ ಸಿಕ್ಕಿಸುತ್ತಿದ್ದೆ. ಗುಮಾಸ್ತೆ ಅದನ್ನು ಟೈಪು ಮಾಡಿ, ಕೆಳಗೆ 'ಮೊದಲ ಓದುಗ' ಎಂದಷ್ಟೇ ಹಾಕಿ, ಬೀರುವಿನಿಂದ ವಿಳಾಸ ತೆಗೆದು ಅಂಚೆಗೆ ಕಳಿಸುತ್ತಿದ್ದಳು. ಎಂಥೆಂಥ ಪತ್ರಗಳನ್ನು ಬರೆದೆ! ಒಬ್ಬ ಹಲ್ಲಿನ ಡಾಕ್ಟರು ತನ್ನ ರೋಗಿಗಳ ಬಗ್ಗೆ ಕಾದಂಬರಿ ಬರೆದಿದ್ದ. 'ನಿಮ್ಮ ಪುಟಗಳನ್ನು ಮುಚ್ಚಿದ ಮೇಲೆ ನಾವು ಬಹಳ ಹೊತ್ತು ಬಾಯಿ ತೆರೆದುಕೊಂಡೇ ಕೂತಿದ್ದೆವು. ಇಂಥ ಕೃತಿಗೆ ನಮ್ಮ ಬಾಗಿಲು ಚಿಕ್ಕದೇನೋ ಎಂಬ ಅಳುಕು' ಎಂದು ಅವನಿಗೆ ಬರೆದೆ. ಪುಸ್ತಕ ಚೆನ್ನಾಗಿಯೇ ಇತ್ತು. ಆದರೆ ಇದ್ದದ್ದು ಒಂದೇ ಜಾಗ.

ಒಂದು ಶನಿವಾರ ಹೋದಾಗ ಏಜೆಂಟಮ್ಮ ಬಾಗಿಲಲ್ಲೇ ನಿಂತಿದ್ದರು. ಮುಖ ಕೆಂಪಗಿತ್ತು. ವಾರವಿಡೀ ಫೋನು ನಿಂತಿಲ್ಲವಂತೆ. ನಾನು ಬೇಡವೆಂದವರೆಲ್ಲ ತಮ್ಮನ್ನು ಒಪ್ಪಿಕೊಂಡಿದ್ದಾರೆಂದು ತಿಳಿದಿದ್ದರು. ಒಬ್ಬಳು ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಳು. ಒಬ್ಬ ಬೀದಿಯವರಿಗೆಲ್ಲ ಊಟ ಹಾಕಿಸಿದ್ದ. ಹಲ್ಲಿನ ಡಾಕ್ಟರಂತೂ ಒಪ್ಪಂದಕ್ಕೆ ಸಹಿ ಹಾಕಲು ಹೊಸ ಪೆನ್ನು ಹಿಡಿದು ಬಂದು ಕೂತವನು, ಎಬ್ಬಿಸಿದರೂ ಏಳದೆ ನಗುತ್ತಿದ್ದನಂತೆ.

"ಇಲ್ಲ ಅನ್ನೋದನ್ನ ಮೊದಲನೇ ಸಾಲಲ್ಲೇ ಬರೀರಿ" ಎಂದರು ಏಜೆಂಟಮ್ಮ. "ಆಮೇಲೆ ಯಾಕೆ ಅಂತ. ಅಷ್ಟೇ. ಸಕ್ಕರೆ ಹಾಕಿದ್ರೆ ನಿಮ್ಮನ್ನೂ ಕಳಿಸ್ತೀನಿ, ನಿಮ್ಮ ಕಾದಂಬರೀನೂ ಕಳಿಸ್ತೀನಿ."

ಬಾಲ ಮುದುರಿಕೊಂಡು ಒಳಗೆ ಹೋಗಿ ಕೂತೆ. ಸಿಹಿ ಬಿಟ್ಟು ಒಂದು ಪತ್ರ ಬರೆಯುವುದೆಂದರೆ ಗವಾಯಿಗೆ ಕೆಮ್ಮಿ ತೋರಿಸು ಎಂದ ಹಾಗೆ. ಆದರೆ ಹಟಕ್ಕೆ ಬಿದ್ದರೆ ನನ್ನಷ್ಟು ಒರಟನೂ ಇಲ್ಲ. ಕೈಗೆ ಸಿಕ್ಕ ಹಸ್ತಪ್ರತಿಯನ್ನು ಎಳೆದುಕೊಂಡೆ. ರಾಶಿಯ ತಳದಲ್ಲಿದ್ದದ್ದು, ಅಂಚು ಹಳದಿಯಾಗಿ, ಮೇಲೆ ಯಾರದೋ ಟೀ ಲೋಟದ ಗುರುತು. ಕೊಡೆ ರಿಪೇರಿ ಮಾಡುವ ಒಬ್ಬ ಅಜ್ಜಿಯ ಕಥೆ.

ಓದತೊಡಗಿದವನಿಗೆ ನಗು ಬಂತು. ತಡೆದುಕೊಂಡೆ. ಮತ್ತೆ ಬಂತು. ಆ ಅಜ್ಜಿ ಅಂಗಡಿಯಲ್ಲಿ ಕೂತು ಗಿರಾಕಿಗಳ ನೀರಿಳಿಸುತ್ತಿದ್ದಳು. ಒಬ್ಬ ಬಂದು, ಗಾಳಿಗೆ ಕೊಡೆ ಮುರಿಯಿತು ಎನ್ನುತ್ತಾನೆ. ಗಾಳಿ ಯಾರ ಮೇಲೂ ಹೀಗೆ ಹಲ್ಲು ಕಚ್ಚುವುದಿಲ್ಲ, ಇದು ನೀನು ಹೆಂಡತಿಯ ಜೊತೆ ಜಗಳವಾಡಿ ಗೋಡೆಗೆ ಬಡಿದದ್ದು. ಮೊದಲು ಅವಳನ್ನು ರಿಪೇರಿ ಮಾಡಿಕೊಂಡು ಬಾ, ಆಮೇಲೆ ಕೊಡೆ ಎಂದು ಅಜ್ಜಿ ಅವನನ್ನು ಮಳೆಗೇ ಅಟ್ಟುತ್ತಾಳೆ. ನಾನು ಗಟ್ಟಿಯಾಗಿ ನಕ್ಕಿದ್ದು ಕೇಳಿ ಗುಮಾಸ್ತೆ ಇಣುಕಿ ನೋಡಿದಳು. ಇಂಥ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ಒಳ್ಳೆಯ ಬರಹ ಓದಿದಾಗ ಹಾಗೆ ಅನ್ನಿಸುವುದು ಸಹಜ ಎಂದು ಸಮಾಧಾನ ಹೇಳಿಕೊಂಡೆ. ಮೊದಲ ಸಲ ನನಗೆ ಹೆದರಿಕೆಯಾಯಿತು. ಇದು ಹೀಗೇ ಮುಂದುವರಿದರೆ ಮೇಲಕ್ಕೆ ಕಳಿಸದೆ ಇರಲು ನನ್ನ ಕೈ ಒಪ್ಪುವುದಿಲ್ಲ. ಜಾಗ ಒಂದೇ. ನನ್ನ ಗಡಿಯಾರಗಳ ಗತಿಯೇನು? ಊಟದ ಮೇಜಿನ ಗತಿಯೇನು?

ಪುಣ್ಯಕ್ಕೆ ಅಷ್ಟರಲ್ಲಿ ನಾಯಕ ಹುಟ್ಟಿದ.

ಹುಟ್ಟಿದವನು ತೊಟ್ಟಿಲಲ್ಲೇ ಮೋಡಗಳನ್ನು ಉದ್ದೇಶಿಸಿ ಭಾಷಣಕ್ಕೆ ಶುರುವಿಟ್ಟ. ಜೀವನವೆಂದರೇನು, ಕಾಲವೆಂದರೇನು, ತಾನೆಂದರೇನು. ಕೊಡೆ ಅಂಗಡಿಗೆ ಬೀಗ ಬಿತ್ತು. ಅಜ್ಜಿಯನ್ನು ಒಂದೇ ಸಾಲಿನಲ್ಲಿ ಸಾಯಿಸಿದ್ದರು. ನಾನು ಓದುತ್ತ ಓದುತ್ತ ನಿದ್ದೆ ಹೋದೆ. ಎದ್ದಾಗ ಕೆನ್ನೆಯ ಮೇಲೆ ಕ್ಲಿಪ್ಪಿನ ಅಚ್ಚು ಬಿದ್ದಿತ್ತು, ನಾಯಕ ಇನ್ನೂ ಮಾತಾಡುತ್ತಿದ್ದ. ನೆಮ್ಮದಿಯಾಯಿತು. ನೆಮ್ಮದಿಯ ಜೊತೆಗೆ ಏಕೋ ಸಿಟ್ಟೂ ಬಂತು. ಆ ಅಜ್ಜಿಯನ್ನು ಸಾಯಿಸಲು ಯಾವ ಕಟುಕನಿಗೆ ಮನಸ್ಸು ಬಂತು? ಆ ಸಿಟ್ಟಿನಲ್ಲೇ ಚೀಟಿ ಬರೆದೆ. ಜೀವಮಾನದಲ್ಲಿ ನಾನು ಬರೆದ ಮೊದಲ ನೇರ ಪತ್ರ ಅದು. ಗುಮಾಸ್ತೆಯ ತಟ್ಟೆಗೆ ಹಾಕಿ, ಗಡಿಯಾರ ಸಿಗಬಹುದೆಂದು ಇನ್ನೊಂದು ಕಟ್ಟಿಗೆ ಕೈಹಾಕಿದೆ. ಅವತ್ತು ಸಿಗಲಿಲ್ಲ.

ವಾರದ ಮಧ್ಯೆ ಒಂದು ದಿನ ನಾನು ವಿಮಾ ಕಚೇರಿಯಿಂದ ಬಂದಾಗ ಹೆಂಡತಿ ಹಾಲ್‌ನಲ್ಲಿ ಒಂದು ದಪ್ಪ ಪೊಟ್ಟಣ ಹಿಡಿದು ನಿಂತಿದ್ದಳು. ಅತ್ತೆ ಮಂಚದ ಮೇಲೆ ರೇಡಿಯೊ ಆರಿಸಿ ಕೂತಿದ್ದರು. ರೇಡಿಯೊ ಆರಿದೆ ಎಂದರೆ ಏನೋ ನಡೆದಿದೆ ಎಂದರ್ಥ.

"ಏಜೆಂಟಮ್ಮನಿಂದ ಬಂದಿದೆ ರೀ" ಎಂದಳು. "ವಾಪಸ್."

ವಾಪಸ್ ಬರುವುದು ಸಾಧ್ಯವೇ ಇಲ್ಲ ಎಂದು ನಾನು ನಕ್ಕೆ. ಅಲ್ಲಿ ಬೇಡ ಎನ್ನುವವನು ನಾನು; ನಾನಿನ್ನೂ ನನ್ನ ಕಾದಂಬರಿಯನ್ನು ಓದೇ ಇಲ್ಲ; ಹಾಗಿರುವಾಗ ಬೇಡವೆಂದವನು ಯಾರು? ತಕ್ಷಣ ಹೊಳೆಯಿತು. ಸಂಚು. ನನ್ನ ಬೆನ್ನ ಹಿಂದೆ ಏಜೆಂಟಮ್ಮ ಇನ್ನೊಬ್ಬ ಮೊದಲ ಓದುಗನನ್ನು ಇಟ್ಟುಕೊಂಡಿದ್ದಾರೆ. ಅವನ ವಂಶವನ್ನೆಲ್ಲ ಜಾಲಾಡಿಬಿಟ್ಟೆ. ಓದು ಎಂದರೇನೆಂದು ಗೊತ್ತಿಲ್ಲದ ಶುಂಠ, ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿಸಿಕೊಂಡವನು, ಹೊಟ್ಟೆಕಿಚ್ಚಿನ ಮೂಟೆ. ಹೆಂಡತಿ ನಾನು ಮುಗಿಸುವ ತನಕ ಕಾದು, ಆಗಲೇ ಒಡೆದಿದ್ದ ಲಕೋಟೆಯಿಂದ ಪತ್ರ ತೆಗೆದು ಗಟ್ಟಿಯಾಗಿ ಓದಿದಳು.

"ನಿಮ್ಮ ಕಾದಂಬರಿಯನ್ನು ನಾವು ತೆಗೆದುಕೊಳ್ಳುವುದಿಲ್ಲ. ಕೊಡೆಯ ಅಜ್ಜಿ ಇರುವ ತನಕ ಪುಸ್ತಕಕ್ಕೆ ಜೀವವಿದೆ; ನಾಯಕ ಹುಟ್ಟಿದ ಗಳಿಗೆಯಿಂದ ಇಲ್ಲ. ಅವನು ಹುಟ್ಟದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಅಜ್ಜಿಯ ಮಾತು ನೀವು ಹೆಣೆದದ್ದಲ್ಲ, ಯಾರ ಬಾಯಿಂದಲೋ ಕದ್ದದ್ದು. ಅವರಿನ್ನೂ ಇದ್ದರೆ ಹೋಗಿ ಅವರ ಎದುರು ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ."

ಪೊಟ್ಟಣವನ್ನು ಅವಳ ಕೈಯಿಂದ ಕಿತ್ತುಕೊಂಡೆ. ಪೊಟ್ಟಣದಿಂದ ಇಣುಕುತ್ತಿದ್ದ ಹಾಳೆಯ ಅಂಚು ಹಳದಿ. ಮೇಲೆ ಟೀ ಲೋಟದ ಗುರುತು. ಆಗ ನೆನಪಾಯಿತು. ಏಜೆಂಟಮ್ಮನಿಗೆ ನಾನು ಕಳಿಸಿದ್ದು ಎಲ್ಲರಿಗಿಂತ ಮೊದಲು. ಗಡಿಯಾರ ಇನ್ನೂ ಹುಟ್ಟದೆ ಇದ್ದಾಗ, ಮೇಜಿನ ಒಂದು ಮೂಲೆ ಮಾತ್ರ ನನ್ನದಾಗಿದ್ದಾಗ, ಎಡಗೈಯಲ್ಲಿ ತುತ್ತು, ಬಲಗೈಯಲ್ಲಿ ಪೆನ್ಸಿಲ್ಲು ಹಿಡಿದು ಬರೆದು, ಯಾರಿಂದಲೋ ಟೈಪು ಮಾಡಿಸಿ ಕಳಿಸಿದ ಪ್ರತಿ. ತಿದ್ದಿ ತಿದ್ದಿ ಅದನ್ನು ಎಷ್ಟು ಚೆನ್ನಾಗಿ ಅಳಿಸಿದ್ದೆನೆಂದರೆ ಹೆತ್ತವನಿಗೇ ಕೂಸಿನ ಗುರುತು ಹತ್ತಲಿಲ್ಲ.

"ಇದನ್ನ ಬರೆದವರು ಯಾರು ಅಂತ ನನಗೆ ಆಗಲೇ ಗೊತ್ತಾಯ್ತು" ಎಂದಳು ಹೆಂಡತಿ. "ಬೇರೆ ಯಾರಾದ್ರೂ ಆಗಿದ್ರೆ ಎರಡು ಸಾಲಲ್ಲಿ ಮುಗಿಸ್ತಿದ್ರು. ಸುಮ್ನೆ ನೀವು ಬೈಯೋದು ಕೇಳೋಣ ಅಂತ ನಿಂತಿದ್ದೆ."

ಮಂಚದ ಕಡೆಯಿಂದ ಅತ್ತೆಯ ದನಿ ಬಂತು. "ಆ ಕದ್ದಿದ್ದು ಅನ್ನೋ ಜಾಗ ಇನ್ನೊಂದ್ಸಲ ಓದೇ." ಮಗಳು ಓದಿದಳು. ಅತ್ತೆ ತಲೆಯಾಡಿಸಿದರು. "ಯಾರೋ ಬುದ್ಧಿವಂತ. ಅಳಿಯಂದ್ರೇ, ಅವನ ಹತ್ರ ಸ್ವಲ್ಪ ದಿನ ಟ್ಯೂಷನ್ನಿಗೆ ಹೋಗಿ."

ನಾನು ಕೋಣೆಗೆ ಹೋಗಿ ಕದ ಹಾಕಿಕೊಂಡೆ. ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ಪತ್ರವನ್ನು ತೊಡೆಯ ಮೇಲೆ ಹರಡಿದೆ. ತಿದ್ದಲು ಏನಾದರೂ ಸಿಗುತ್ತದೆಂದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಎಲ್ಲಿಯೂ ಒಂದು ಗೆರೆ ಎಳೆಯಲು ಜಾಗವಿರಲಿಲ್ಲ. ನನಗೆ ಬಂದ ಅಷ್ಟೂ ನಿರಾಕರಣೆಗಳಲ್ಲಿ ತಿದ್ದುವ ಹಾಗಿಲ್ಲದ್ದು ಅದೊಂದೇ. ಬರೆದವನ ಬಗ್ಗೆ ಹೆಮ್ಮೆಪಡಬೇಕೋ ಅವನ ಕಪಾಳಕ್ಕೆ ಹೊಡೆಯಬೇಕೋ ತಿಳಿಯದೆ ಪೆನ್ನಿಗೆ ಮುಚ್ಚಳ ಹಾಕಿದೆ.

ಆದರೂ ಮೇಜು ಬಿಡಲು ಮನಸ್ಸಾಗಲಿಲ್ಲ. ಶನಿವಾರದ ತನಕ ಗಡುವು ಕೇಳಿದೆ. ಹೆಂಡತಿ ಕೊಟ್ಟಳು. ಶನಿವಾರ ರಾತ್ರಿ ತಾನು ಮೇಜಿನಲ್ಲೇ ಊಟಕ್ಕೆ ಕೂರುವುದು, ಕಾಗದ ಇದ್ದರೆ ಕಾಗದದ ಮೇಲೆಯೇ ಬಡಿಸಿಕೊಳ್ಳುವುದು ಎಂದಳು.

ಶನಿವಾರ ಹೋಗಿ ಏಜೆಂಟಮ್ಮನ ಎದುರು ನಿಂತು ಎಲ್ಲ ಹೇಳಿದೆ. ಆ ತೀರ್ಪು ತಪ್ಪಾಗಿ ಬಿದ್ದದ್ದು, ವಾಪಸ್ ತೆಗೆದುಕೊಂಡು ನೀವೇ ಒಮ್ಮೆ ಓದಬೇಕು, ಪಕ್ಕಕ್ಕಿಡಿ ಎಂದವರು ನೀವೇ ಅಲ್ಲವೇ ಎಂದು ವಾದಿಸಿದೆ. ಅವರು ಮೊದಲು ಅರ್ಥವಾಗದೆ ನೋಡಿದರು. ಅರ್ಥವಾದ ಮೇಲೆ ನಕ್ಕ ನಗುವಿಗೆ ಬೇಸಿನ್ನಿನಲ್ಲಿದ್ದ ಹಸ್ತಪ್ರತಿಗಳು ಜಾರಿ ನೆಲಕ್ಕೆ ಬಿದ್ದವು; ಕೆಳಗಿನ ಹಾಸಿಗೆ ಅಂಗಡಿಯಲ್ಲಿ ಮಲಗಿ ನೋಡುತ್ತಿದ್ದ ಗಿರಾಕಿ ಎದ್ದು ಕೂತ.

"ನಿಮ್ಮದು ಅಂತ ಗೊತ್ತಿದ್ದು ಪಕ್ಕಕ್ಕಿಟ್ಟಿದ್ರೆ ಓದ್ತಿದ್ದೆ" ಎಂದರು ಕಣ್ಣೊರೆಸಿಕೊಳ್ಳುತ್ತ. "ಗೊತ್ತಿಲ್ದೇ ಓದಿದ್ದೀರಿ, ಬೇಡ ಅಂದಿದ್ದೀರಿ. ನನ್ನ ಓದುಗರ ಮಾತು ನಾನು ಮೀರಲ್ಲ. ಬೇಕಿದ್ರೆ ನೀವೇ ಅವರನ್ನ ಕೇಳಿ ನೋಡಿ."

ಹಾಗಾದರೆ ಆ ಒಂದು ಜಾಗ ಯಾರಿಗೆ ಎಂದು ಕೇಳಿದೆ.

ಹಲ್ಲಿನ ಡಾಕ್ಟರಿಗೆ. ಅವನು ಪೆನ್ನು ಹಿಡಿದು ಕೂತವನು ಏಳಲೇ ಇಲ್ಲವಲ್ಲ, ಅವನ ನಗುಮುಖಕ್ಕೆ ನಿಜ ಹೇಳಲು ಬಾಯಿ ಬರದೆ ಏಜೆಂಟಮ್ಮ ತಮ್ಮ ನಿಯಮ ಮುರಿದು ಅವನದನ್ನು ಓದಿದರಂತೆ. ಮೆಚ್ಚಿಗೆಯಾಯಿತಂತೆ. ನಾನು ಸವಿಮಾತಿನಲ್ಲಿ ಹೊರಗಟ್ಟಿದವನು ಒಳಗೆ ಬಂದು ಕೂತಿದ್ದ; ನೇರವಾಗಿ ಹೊರಗಟ್ಟಿಸಿಕೊಂಡ ನಾನು ಮನೆಗೆ ಹೊರಟಿದ್ದೆ. ಬಾಗಿಲ ಹತ್ತಿರ ಹೋದಾಗ ಏಜೆಂಟಮ್ಮ ಕೂಗಿ ಕೇಳಿದರು, ಆ ಅಜ್ಜಿಯ ಮಾತು ನಿಜವಾಗಿ ಯಾರದು ಎಂದು. ನನ್ನದೇ ಎನ್ನಲು ಬಾಯಿ ತೆರೆದೆ. ಅಷ್ಟು ದೊಡ್ಡ ಸುಳ್ಳು ಹೇಳುವ ಶಕ್ತಿ ನನಗಿಲ್ಲವೆಂದು ಅವತ್ತೇ ಗೊತ್ತಾದದ್ದು.

ಸಂಜೆ ಮೇಜು ಖಾಲಿ ಮಾಡಿದೆ. ಹೆಂಡತಿ ಕೈಜೋಡಿಸಿದಳು. ಗಡಿಯಾರದ ಏಳೂ ತಲೆಮಾರು ಮಂಚದ ಕೆಳಗೆ ಹೋದವು. ಕಾಗದಗಳ ತಳದಲ್ಲಿ ಉಪ್ಪಿನ ಡಬ್ಬಿ ಸಿಕ್ಕಿತು. ಉಪ್ಪು ಗಟ್ಟಿಯಾಗಿ ಅಮೃತಶಿಲೆಯಾಗಿತ್ತು, ಅದರಲ್ಲಿ ನನ್ನ ಪ್ರತಿಮೆ ಕೆತ್ತಿಸಬಹುದಿತ್ತು. ಮೇಜಿನ ನಡುವೆ ಒಂದು ಹಳೆಯ ಗೀರು ಕಂಡಿತು, ಅದು ಅಲ್ಲಿರುವುದೇ ನಮಗೆಲ್ಲ ಮರೆತುಹೋಗಿತ್ತು. ಅತ್ತೆ ಬಂದು ತಮ್ಮ ಹಳೆಯ ಕುರ್ಚಿಯಲ್ಲಿ ಕೂತು, ಎರಡೂ ಕೈ ಮೇಜಿನ ಮೇಲೆ ಚಾಚಿದರು. ನಾನು ಪತ್ರದಲ್ಲಿ ಹೇಳಿದ್ದ ಹಾಗೆ ಅವರ ಎದುರು ಬಾಯಿ ಮುಚ್ಚಿಕೊಂಡು ಕೂತೆ. ಇಂಥ ಕಷ್ಟದ ಕೆಲಸವನ್ನು ಪ್ರಪಂಚದಲ್ಲಿ ಇನ್ನೊಬ್ಬ ಮಾಡಿರಲಾರ.

ಎರಡು ತುತ್ತು ಇಳಿದ ಮೇಲೆ ಅತ್ತೆ ಶುರುಮಾಡಿದರು.

"ಒಬ್ಬ ಬಂದಿದ್ದ ಕಣೇ. ಒಂದು ಕೊಡೆ, ಎರಡು ಹಿಡಿ ಬೇಕು ಅಂತ. ಯಾಕಪ್ಪಾ ಅಂದೆ. ಹೊಸದಾಗಿ ಮದುವೆ ಆಗಿದ್ದೀನಿ ಅಂದ. ಎರಡು ವರ್ಷ ಬಿಟ್ಟು ಬಾ, ಬೇರೆಬೇರೆ ಎರಡು ಕೊಡೆ ಕೇಳ್ತೀಯ ಅಂದೆ."

ಹೆಂಡತಿ ನಕ್ಕು ಕೆಮ್ಮಿದಳು. ನನ್ನ ಕೈ ತಾನಾಗಿ ಜೇಬಿನಲ್ಲಿ ಪೆನ್ಸಿಲ್ಲು ತಡಕುತ್ತಿತ್ತು. ಅವಳು ಆ ಕೈಯನ್ನು ಹಿಡಿದು ಮೇಲೆತ್ತಿ ಚಮಚ ಕೊಟ್ಟಳು.

"ಮೊದಲು ಊಟ. ಕದಿಯೋದು ಆಮೇಲೆ."

ಈಗ ನಾನು ಬರೆಯುವುದು ಹೊರಗಿನ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು. ಪುಸ್ತಕದಲ್ಲಿ ಅಜ್ಜಿ ಇದ್ದಾಳೆ, ಅಂಗಡಿ ಇದೆ, ನಾಯಕ ಇನ್ನೂ ಹುಟ್ಟಿಲ್ಲ. ಹುಟ್ಟುವ ಲಕ್ಷಣವೂ ಇಲ್ಲ. ಅತ್ತೆ ಆಗಾಗ ಬಂದು ಎಲ್ಲಿಗೆ ಬಂತು ಎಂದು ಕೇಳುತ್ತಾರೆ, ಓದಿಸಿಕೊಳ್ಳುತ್ತಾರೆ, ಬಿರುಗಾಳಿ ನಿಧಾನಿಸಿದ್ದನ್ನು ಬಿಟ್ಟಿದ್ದೀರಲ್ಲ ಎಂದು ತಕರಾರು ತೆಗೆಯುತ್ತಾರೆ. ಮುಗಿದ ಮೇಲೆ ಎಲ್ಲರ ಹಾಗೆ ಏಜೆಂಟಮ್ಮನ ರಾಶಿಗೇ ಕಳಿಸಬೇಕು. ಶನಿವಾರಗಳಂದು ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ಅಲ್ಲಿಯ ಮೊದಲ ಓದುಗ ಭಾರೀ ಕಟುಕ, ಹೆತ್ತ ತಾಯಿ ಬರೆದರೂ ಬಿಡುವುದಿಲ್ಲ ಎಂದು ಲೇಖಕರ ವಲಯದಲ್ಲೆಲ್ಲ ಸುದ್ದಿಯಾಗಿದೆ. ಆ ಸುದ್ದಿ ಹಬ್ಬಿಸಿದವನು ನಾನೇ. ಆದರೆ ಹಲಗೆಯ ಮೇಲೆ ಹಾಳೆ ಇಟ್ಟಾಗ ಅವನಿಗೆ ಹೆದರಿ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ನೋಡುತ್ತೇನೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.